ಎಲೆಯ ತುದಿಯ ಉಪ್ಪು

ದೇವರಿಗೆ ನೈವೇದ್ಯ ಆಗಬೇಕಾದ ಅಡುಗೆಯ ರುಚಿಯನ್ನು ಮೊದಲೇ ಯಾರೂ ನೋಡುವಂತಿಲ್ಲ. ಮಾಡಿದವರೂ ನೋಡುವಂತಿಲ್ಲ. ಐನೂರು ಜನ ಉಣ್ಣುವ ಹುಳಿ ಕೊಪ್ಪರಿಗೆಯಲ್ಲಿ ಕುದಿಯುತ್ತಿರಲಿ, ಒಂದು ಹನಿ ನಾಲಿಗೆಗೆ ತಾಗಿಸಿದರೂ ಅದು ಎಂಜಲು. ಉಪ್ಪು ಸರಿಯಾಯಿತೋ ಇಲ್ಲವೋ ಎಂಬುದು ಅಡುಗೆಯವನಿಗೆ ಗೊತ್ತಾಗುವುದು ಜನ ಊಟಕ್ಕೆ ಕುಳಿತ ಮೇಲೆಯೇ. ಎಲೆಯ ಎಡತುದಿಯಲ್ಲಿ ಎಲ್ಲಕ್ಕಿಂತ ಮೊದಲು ಒಂದು ಚಿಟಿಕೆ ಉಪ್ಪು ಬಡಿಸುತ್ತಾರಲ್ಲ, ಉಣ್ಣುವವರ ಕೈ ಅದರ ಕಡೆ ಹೋದರೆ ಅಡುಗೆಯವನು ಸೋತ, ಹೋಗದಿದ್ದರೆ ಗೆದ್ದ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಉಂಡ ಎಲೆ ಮಡಚುವ ರೂಢಿ ಇಲ್ಲ. ಊಟ ಮುಗಿದ ಮೇಲೆ ಯಾರು ಏನು ಹೊಗಳಿದರೂ ಕಿವಿಗೆ ಹಾಕಿಕೊಳ್ಳದೆ, ಎಲೆ ಎತ್ತುವವರಿಗಿಂತ ಮುಂಚೆ ಅವರು ಪಂಕ್ತಿಯ ನಡುವೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಬಂದು ಏನೂ ಹೇಳುತ್ತಿರಲಿಲ್ಲ. ನಡಿಗೆಯಲ್ಲೇ ನಮಗೆ ತಿಳಿಯುತ್ತಿತ್ತು.

ಅಂಕೋಲೆ ಸುತ್ತಮುತ್ತ ಮುಂಜಿ, ಮದುವೆ, ದೇವಸ್ಥಾನದ ಸಮಾರಾಧನೆಗಳಿಗೆ ಅವರು ಅಡುಗೆ ಮಾಡುತ್ತಿದ್ದರು. ಮದುವೆಯಾದ ಎರಡನೇ ವರ್ಷದಿಂದ ನಾನೂ ಜೊತೆಗೆ ಹೋಗುತ್ತಿದ್ದೆ. ಕಾಯಿ ತುರಿಯುವುದು, ಮಸಾಲೆ ರುಬ್ಬಿಸುವುದು, ಉಪ್ಪು ಕರಗಿಸುವುದು, ಇಷ್ಟು ನನ್ನ ಕೆಲಸ. ನಾವು ಬಳಸುತ್ತಿದ್ದುದು ಸಾಣಿಕಟ್ಟೆಯ ಹರಳುಪ್ಪು. ಅದರಲ್ಲಿ ಮಣ್ಣು, ಕಸ ಇರುತ್ತದೆ, ಹಾಗೇ ಹಾಕಲು ಬರುವುದಿಲ್ಲ. ಹಿತ್ತಾಳೆ ಕೊಡದಲ್ಲಿ ನೀರು ಹಾಕಿ, ಹರಳು ಸುರಿದು, ಕೈಯಿಂದ ಕಲಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದೆ. ಅವರು ನೆಗ್ಗಿದ ಒಂದು ತಂಬಿಗೆಯಲ್ಲಿ ಅಳೆದು ಆ ಉಪ್ಪುನೀರನ್ನು ಕೊಪ್ಪರಿಗೆಗೆ ಹೊಯ್ಯುತ್ತಿದ್ದರು. ಯಾವ ಪಾತ್ರೆಗೆ ಎಷ್ಟು ತಂಬಿಗೆ ಎಂಬುದು ಅವರ ಬಾಯಲ್ಲೇ ಇತ್ತು.

ನನ್ನ ಬಾಯಲ್ಲಿ ಇದ್ದುದು ಒಂದೇ ಮಾತು: 'ಸಾಕಾ?' ಕಾಯಿ ನುಣ್ಣಗಾಯಿತು, ಸಾಕಾ? ಬೆಲ್ಲ ಇಷ್ಟು, ಸಾಕಾ? ಅವರು ತಿರುಗಿಯೂ ನೋಡದೆ 'ಸಾಕು' ಅನ್ನುತ್ತಿದ್ದರು. ಅಷ್ಟಾದರೆ ನನಗೆ ಉಸಿರು ಬರುತ್ತಿತ್ತು. ಚಿಕ್ಕಂದಿನಿಂದಲೂ ನಾನು ಹೀಗೆಯೇ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಪಕ್ಕದವಳನ್ನು ಕೇಳಿ ಕೈ ಎತ್ತುತ್ತಿದ್ದೆ. ಅಷ್ಟರಲ್ಲಿ ಬೇರೆ ಯಾರೋ ಹೇಳಿಬಿಡುತ್ತಿದ್ದರು.

ಅವರು ತೀರಿಕೊಂಡಿದ್ದು ಒಂದು ಮುಂಜಿಯ ಅಡುಗೆ ಮುಗಿಸಿ ಬಂದ ಮರುದಿನ. ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದಂತಾಗುತ್ತದೆ ಎಂದು ಜಗಲಿಯಲ್ಲಿ ಕುಳಿತರು. ನಾನು ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಎಷ್ಟೋ ತಿಂಗಳು, ಒಬ್ಬಳಿಗೆ ಅನ್ನಕ್ಕಿಡುವಾಗಲೂ ಅಕ್ಕಿ ಅಳೆದು 'ಸಾಕಾ?' ಎಂದು ಕೇಳುತ್ತಿದ್ದೆ. ಕೇಳಿದ ಮೇಲೆ ಮನೆ ಇನ್ನಷ್ಟು ಸುಮ್ಮನಾಗುತ್ತಿತ್ತು.

ನಮಗೆ ಮಕ್ಕಳಿಲ್ಲ. ಕಾರವಾರದಲ್ಲಿ ಇರುವ ನನ್ನ ಅಣ್ಣ, ಪಾತ್ರೆಗಳನ್ನು ಯಾರಿಗಾದರೂ ಕೊಟ್ಟು ನಮ್ಮಲ್ಲಿಗೇ ಬಂದುಬಿಡು ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಾಡಿನ ಕೆಳಗೆ ಮಗುಚಿಟ್ಟ ಕೊಪ್ಪರಿಗೆಗಳನ್ನು ನೋಡಿದಾಗ, ಇವು ಹೋದರೆ ಅವರು ಇನ್ನೊಂದು ಸಲ ಹೋದಂತೆ ಎಂದು ಅನಿಸುತ್ತಿತ್ತು. ಕೆಲಸ ಉಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ.

ನಮ್ಮವರ ಜೊತೆ ಮೊದಲಿಂದಲೂ ಒಲೆ ನೋಡಿಕೊಳ್ಳುತ್ತಿದ್ದವರು ಒಬ್ಬ ಮಾಮಾ. ವಯಸ್ಸಿನಲ್ಲಿ ದೊಡ್ಡವರಾದರೂ ನಮ್ಮವರನ್ನು ದಾದಾ ಎನ್ನುತ್ತಿದ್ದರು, ನನ್ನನ್ನು ವೈನಿ. ನಮ್ಮ ಕಡೆ ಅಣ್ಣನನ್ನು ದಾದಾ, ಅತ್ತಿಗೆಯನ್ನು ವೈನಿ ಅಂತಲೇ ಕರೆಯುವುದು. ವರ್ಷಾಂತಿಕ ಆಗಿ ಸ್ವಲ್ಪ ದಿನಕ್ಕೆ ಕಾರವಾರದ ಒಂದು ಮನೆಯ ಸತ್ಯನಾರಾಯಣ ಪೂಜೆಯ ಅಡುಗೆಯನ್ನು ಅವರೇ ಹಿಡಿದುಕೊಂಡು ಬಂದರು. ಸಣ್ಣ ಊಟ, ಮೂವತ್ತು ನಲವತ್ತು ಎಲೆ. 'ಕೈ ಬಿಡಬಾರ್ದು ವೈನಿ, ಹೋಗ್ವ' ಎಂದರು. ನಾನು ತಂಬಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಆ ಮನೆಯಲ್ಲಿ ಇದ್ದುದು ಪ್ಯಾಕೆಟ್ಟಿನ ಪುಡಿ ಉಪ್ಪು. ಪುಡಿಯನ್ನು ಕರಗಿಸಿ ಸೋಸುವ ಕೆಲಸ ಇಲ್ಲ, ನೇರ ಹಾಕಿದರಾಯಿತು ಎಂದರು ಮನೆಯವರು. ಹಾಕುವುದು ಎಷ್ಟು? ನಾನು ಮಾಮಾನನ್ನು ಕೇಳಿದೆ, ಅವರು ಎರಡು ಹಿಡಿ ಎಂದರು. ಮನೆಯೊಡತಿಯನ್ನು ಕೇಳಿದೆ, ಒಂದೂವರೆ ಎಂದಳು. ಪಾತ್ರೆ ತೊಳೆಯಲು ಬಂದವಳನ್ನೂ ಕೇಳಿದೆ. ಕೊನೆಗೆ, ಹೆಚ್ಚಾದರೆ ತೆಗೆಯಲು ಬರುವುದಿಲ್ಲ ಎಂಬ ಹೆದರಿಕೆಯಿಂದ ಒಂದು ಹಿಡಿ ಹಾಕಿ ಕೈ ತೊಳೆದುಕೊಂಡೆ. ಊಟದ ಹೊತ್ತಿಗೆ ಮನೆಯೊಡತಿ ಉಪ್ಪಿನ ಬಟ್ಟಲು ಹಿಡಿದು ಎರಡನೇ ಸಲ ಪಂಕ್ತಿಗೆ ಹೋದಳು. 'ಉಪ್ಪು ಬೇಕಾ, ಉಪ್ಪು' ಎಂದು ಅವಳು ಮೆಲ್ಲಗೆ ಕೇಳುತ್ತಿದ್ದುದು ನನಗೆ ಒಳಗೆ ಕೇಳುತ್ತಿತ್ತು. ಬೇಡ ಎಂದವರು ಯಾರೂ ಇರಲಿಲ್ಲ.

ತಿರುಗಿ ಬರುವಾಗ, ಬಸ್ಸು ಅವರ್ಸಾ ದಾಟಿದ ಮೇಲೆ ಮಾಮಾ ಹೇಳಿದರು: 'ಆ ಮನೆ ಹೆಂಗ್ಸು ಉಪ್ಪಿನ ಬಟ್ಲ ಹಿಡಕಂಡು ಹೊರಟದ್ದು ನೋಡಿ ನಾ ಕಟ್ಟಿಗೆ ಹಿಂದೆ ಕೂತೆ.'

'ನನಗೆ ಅವರ ಕೈ ಇಲ್ಲ ಮಾಮಾ.'

'ಕೈ ಇಲ್ದೆ ಎಂತ? ಎರಡು ಕೈ ಇದೆ. ಮೂರು ಜನರ ಹತ್ರ ಕೇಳಿ ಹಾಕಿದ್ರೆ ಮೂರು ನಮೂನೆ ಆಗ್ತದೆ. ನಾ ಒಲೆಯವ. ನನ್ನ ಹತ್ರ ಬೆಂಕಿ ಕೇಳಿ, ಹೇಳ್ತೆ. ಉಪ್ಪು ಕೇಳಬೇಡಿ.'

ಅಣ್ಣನಿಗೂ ಸುದ್ದಿ ಮುಟ್ಟಿತು. ಊರು ಸಣ್ಣದು. ಫೋನಿನಲ್ಲಿ ಅವನು, 'ಆಗದ ಕೆಲ್ಸ ಎಂತಕ್ಕೆ ಮೈಮೇಲೆ ಹಾಕ್ಕಂತೆ ತಂಗಿ' ಎಂದ. ಅವನು ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವನ ದನಿಯಲ್ಲಿ ಕನಿಕರ ಇತ್ತು. ಹೌದು, ಆಗದ ಕೆಲಸ ಎಂದು ನಾನೂ ಒಪ್ಪಿಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ, ಬೇಲೆಕೇರಿ ದಾರಿಯಲ್ಲಿರುವ ಒಂದು ದೇವಸ್ಥಾನದ ಮೊಕ್ತೇಸರರು ಮನೆಗೆ ಬಂದರು. ಅಲ್ಲಿ ವೈಶಾಖದಲ್ಲಿ ನಡೆಯುವ ಸಮಾರಾಧನೆಯ ಅಡುಗೆ ಪ್ರತಿ ವರ್ಷವೂ ನಮ್ಮವರದೇ. ಮೊಕ್ತೇಸರರು ನೆಲ ನೋಡುತ್ತ ಮಾತಾಡಿದರು. 'ಕಾರವಾರದ ಕೇಟರಿಂಗಿನವರಿಗೆ ಕೊಡ್ವ ಅಂತ ಕೆಲವರದ್ದು ಮಾತು. ನಾ ಹೇಳ್ದೆ, ಈ ವರ್ಷ ಒಂದು ಆ ಮನೆಗೇ ಕೇಳ್ವ. ಅವರು ಬೇಡ ಅಂದ್ರೆ ಮತ್ತೆ ನೋಡ್ವ. ಗಂಡ ಹೋದವರ ಕೈಲಿ ನೈವೇದ್ಯವಾ ಅಂತ ಒಬ್ಬರು ಎತ್ತಿದ್ರು. ನಮ್ಮ ಅಜ್ಜಿ ಸಾಯೂವರೆಗೆ ಮಡಿಯಲ್ಲಿ ದೇವರಿಗೆ ಅಡಿಗೆ ಮಾಡ್ದವಳು, ಅವಳಿಗೆ ಗಂಡ ಇದ್ನಾ ಅಂತ ಕೇಳ್ದೆ. ಸುಮ್ಮನಾದ್ರು.'

ಇದು ಕೈ ತಪ್ಪಿದರೆ ಮುಂದೆ ಯಾವುದೂ ಬರುವುದಿಲ್ಲ, ಮಾಮಾ ಮತ್ತು ನಮ್ಮಲ್ಲಿ ತರಕಾರಿ ಹೆಚ್ಚುತ್ತಿದ್ದ ಇಬ್ಬರು ಬೇರೆಯವರ ಕೈಕೆಳಗೆ ಹೋಗುತ್ತಾರೆ, ನಾನು ಕಾರವಾರಕ್ಕೆ ಹೋಗುತ್ತೇನೆ ಎಂದು ನನಗೆ ಗೊತ್ತಿತ್ತು. ಆದರೂ 'ನನ್ನಿಂದ ಆಗೂದಿಲ್ಲ' ಎಂಬುದು ತುಟಿಗೆ ಬಂದಿತ್ತು. ಹಿತ್ತಲಲ್ಲಿ ಕಟ್ಟಿಗೆ ಸೀಳುತ್ತಿದ್ದ ಮಾಮಾ ಅಲ್ಲಿಂದಲೇ ಹೇಳಿದರು: 'ಮಾಡ್ತೇವೆ ಅಂತ ಹೇಳಿ ವೈನಿ. ಹೆದರೂಕೆ ಆಮೇಲೆ ಬೇಕಾದಷ್ಟು ಟೈಮ್ ಇದೆ.'

ಮೊಕ್ತೇಸರರು ನಕ್ಕರು. ನಾನು ಹೂಂ ಎಂದೆ.

ಮಾಮಾ ಹೇಳಿದಂತೆಯೇ ಆಯಿತು, ಆಮೇಲಿನ ದಿನಗಳೆಲ್ಲ ಹೆದರುವುದಕ್ಕೇ ಹೋದವು. ಹುಳಿಗೆ ಎಂಟು ತಂಬಿಗೆ, ಸಾರಿಗೆ ಐದು, ತೊವ್ವೆಗೆ ಮೂರು ಎಂದು ನೀರು ಸೇದುವಾಗ, ದೀಪ ಹಚ್ಚುವಾಗ ಬಾಯಿಪಾಠ ಮಾಡಿದೆ. ನಮ್ಮವರು ಹೊಯ್ಯುವಾಗ ಎಣಿಸುತ್ತಿದ್ದುದು ನನ್ನ ಕಿವಿಯಲ್ಲಿತ್ತು, ಅದೊಂದೇ ಆಸರೆ. ಕಾರವಾರದಲ್ಲಿ ಕೆಟ್ಟಿದ್ದು ಪುಡಿ ಉಪ್ಪಿನಿಂದ, ಹರಳುಪ್ಪೇ ಇದ್ದರೆ ಅವರ ಲೆಕ್ಕ ಹಿಡಿದು ದಾಟಿಬಿಡಬಹುದು ಎಂದುಕೊಂಡೆ. ಸಾಮಾನು ತರುವವರಿಗೆ ಎರಡೆರಡು ಸಲ ಹೇಳಿ ಕಳಿಸಿದೆ, ಉಪ್ಪು ಮಾತ್ರ ಹರಳೇ ಬೇಕು.

ಸಮಾರಾಧನೆಯ ದಿನ ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ, ಮಡಿಯುಟ್ಟು ದೇವಸ್ಥಾನದ ಅಡುಗೆ ಶಾಲೆ ಸೇರಿದೆವು. ಮಾಮಾ ಒಲೆಗಳಿಗೆ ಕೈ ಮುಗಿದು ಬೆಂಕಿ ಹಾಕಿದರು. ಉಳಿದಿಬ್ಬರು ಕುಂಬಳ, ಸೌತೆ ಹೆಚ್ಚಲು ಕುಳಿತರು. ನಾನು ಈಳಿಗೆಮಣೆ ಹಿಡಿದೆ. ಅಷ್ಟೂ ಕಾಯಿ ತುರಿದು ಮುಗಿಯುವಾಗ ಬೆರಳ ತುದಿ ಸವೆದು ಕೆಂಪಾಗುತ್ತದೆ. ಅದು ಪ್ರತಿ ಸಲದ ಕಥೆ. ಬೇಳೆ ಬೆಂದಿತು, ಹೋಳು ಬಿದ್ದವು, ರುಬ್ಬಿದ್ದು ಬಿತ್ತು. ಹುಳಿ ಒಂದು ಕುದಿ ಬಂದಾಗ, ಉಪ್ಪು ಕರಗಿಸಲು ಚೀಲ ಬಿಚ್ಚಿದೆ. ಒಳಗೆ ಪ್ಯಾಕೆಟ್ಟುಗಳು. ಬಿಳಿ ಪುಡಿ.

ನಾನು ಅಲ್ಲೇ ಕುಳಿತೆ. ಯಾರೋ ಮೊಕ್ತೇಸರರನ್ನು ಕರೆದರು. ಅವರು ತಲೆ ಕೆರೆದುಕೊಂಡರು. 'ಅಂಕೋಲೆಯಲ್ಲಿ ಮೂರು ಅಂಗಡಿ ನೋಡ್ದೆ ವೈನಿ. ಈಗ ಎಲ್ಲರೂ ಪ್ಯಾಕೆಟ್ಟೇ ಇಡೂದಂತೆ. ಉಪ್ಪು ಉಪ್ಪೇ ಅಲ್ರಾ ಅಂತ ತಂದೆ.'

'ಬೇಲೆಕೇರಿ ಬಂದರದಲ್ಲಿ ಹರಳುಪ್ಪು ಇದೆ' ಎಂದ ತರಕಾರಿ ಹೆಚ್ಚುತ್ತಿದ್ದವನೊಬ್ಬ. 'ಬೈಕಿನಲ್ಲಿ ಹೋದ್ರೆ ಈಗ ಬಂದೆ.'

'ಅದು ಮೀನು ಒಣಗ್ಸೂ ಉಪ್ಪಲ್ರಾ' ಎಂದರು ಮಾಮಾ. 'ಹಾಕು. ದೇವರು ಇವತ್ತು ಬಂಗಡೆ ಎಲ್ಲಿ ಅಂತ ಕೇಳ್ತಾನೆ.'

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಚಪ್ಪರದಲ್ಲಿ ಜನ ಸೇರುತ್ತಿದ್ದರು. ಅಣ್ಣ ಅತ್ತಿಗೆಯೂ ಬಂದಿದ್ದರು. ಸಂಜೆ ನನ್ನನ್ನು ಕರೆದುಕೊಂಡೇ ಹೋಗುವುದೆಂದು ಅಣ್ಣ ಬೆಳಿಗ್ಗೆಯೇ ಹೇಳಿದ್ದ.

ಮೊಕ್ತೇಸರರು ಒಂದು ದಾರಿ ಕಂಡರು. ಕಾರವಾರದಲ್ಲಿ ಕೇಟರಿಂಗ್ ನಡೆಸುವವರೊಬ್ಬರು ಅಂದು ದೇವರ ಸೇವೆಗೆಂದು ಬಂದಿದ್ದರು. ಪುಡಿ ಉಪ್ಪು ಅವರಿಗೆ ದಿನನಿತ್ಯದ್ದು. 'ಉಪ್ಪು ಒಂದು ಅವರ ಹತ್ರ ಹಾಕಿಸ್ವ. ಬಾಕಿ ಎಲ್ಲ ನಿಮ್ಮದೇ. ಅವರು ಸ್ನಾನ ಮಾಡಿ ಮಡಿ ಉಟ್ಟು ಬರ್ತಾರೆ.'

ಆ ಮಾತು ಕೇಳಿ ನನಗೆ ಆದದ್ದು ಅವಮಾನ ಅಲ್ಲ, ಹಗುರ. ಬೆನ್ನ ಮೇಲಿನ ಮೂಟೆ ಯಾರೋ ಇಳಿಸಿದ ಹಾಗೆ. ಆಗಲಿ ಎಂದೆ. ಕೇಟರಿಂಗಿನವರು ಸ್ನಾನಕ್ಕೆ ಬಾವಿಯ ಕಡೆ ಹೋದರು.

ಅವರು ಬರುವವರೆಗೆ ಕೈಗೆ ಕೆಲಸ ಇರಲಿಲ್ಲ. ಸುಮ್ಮನೆ ಕುಳಿತು ನನಗೆ ಅಭ್ಯಾಸ ಇಲ್ಲ. ಹಿತ್ತಾಳೆ ಕೊಡಕ್ಕೆ ನೀರು ಹಾಕಿದೆ, ಪ್ಯಾಕೆಟ್ಟು ಒಡೆದು ಸುರಿದೆ, ಕೈ ಇಳಿಸಿ ಕಲಕತೊಡಗಿದೆ. ಹರಳುಪ್ಪನ್ನು ಕಲಕಿದ ಹಾಗೆಯೇ.

'ಪುಡಿ ಉಪ್ಪಿಗೂ ನೀರಾ ವೈನಿ?' ಎಂದರು ಮಾಮಾ ಒಲೆಯ ಹತ್ತಿರದಿಂದ. 'ಸೋಸೂಕೆ ಎಂತ ಇದೆ ಅದರಲ್ಲಿ?'

ಉಪ್ಪು ಆಗಲೇ ಕರಗಿತ್ತು. ನೀರು ಬೆರಳಿಗೆ ಇನ್ನೂ ಸಪ್ಪೆ ಅನಿಸಿತು. ಸಪ್ಪೆ ಎಂದರೆ ನಾಲಿಗೆಗೆ ಅಲ್ಲ. ಉಪ್ಪುನೀರು ಹದಕ್ಕೆ ಬಂದಾಗ ಹೆಬ್ಬೆರಳು ತೋರುಬೆರಳು ಉಜ್ಜಿದರೆ ಜಾರುತ್ತದೆ, ಈಳಿಗೆಯಲ್ಲಿ ಸವೆದ ತುದಿ ಚುರುಗುಡುತ್ತದೆ. ಆ ಚುರು ಇನ್ನೂ ಬಂದಿರಲಿಲ್ಲ. ಇನ್ನೊಂದು ಪ್ಯಾಕೆಟ್ಟು ಒಡೆದೆ. ಮತ್ತೊಂದು. ನಾಲ್ಕನೆಯದನ್ನು ಅರ್ಧ ಸುರಿಯುವಾಗ ಬೆರಳು ಜಾರಿತು, ಚುರು ಎಂದಿತು. 'ಸಾಕು' ಎಂದೆ.

ಎಂದ ಮೇಲೆ ನನ್ನ ದನಿ ನನಗೇ ಕೇಳಿಸಿತು.

ಕೊಡದೊಳಗೆ ಕೈ ಇಟ್ಟುಕೊಂಡೇ ಯೋಚಿಸಿದೆ. ಈ 'ಸಾಕು' ಯಾರು ಹೇಳಿಕೊಟ್ಟಿದ್ದು? ಹರಳು ಎಷ್ಟು, ನೀರು ಎಷ್ಟು ಎಂದು ನಮ್ಮವರು ಒಂದು ದಿನವೂ ಹೇಳಿರಲಿಲ್ಲ. ಕೊಡದ ಹತ್ತಿರ ಬಂದು ನೋಡಿದ್ದೂ ಇಲ್ಲ. ಕಾಯಿಯ ಬಗ್ಗೆ ಕೇಳುತ್ತಿದ್ದೆ, ಬೆಲ್ಲದ ಬಗ್ಗೆ ಕೇಳುತ್ತಿದ್ದೆ. ಉಪ್ಪುನೀರಿನ ಬಗ್ಗೆ ನಾನು ಯಾವತ್ತೂ ಅವರನ್ನು ಕೇಳಿರಲಿಲ್ಲ, ಅದು ಕೇಳಬೇಕಾದ ವಿಷಯ ಅಂತಲೇ ಹೊಳೆದಿರಲಿಲ್ಲ. ನೀರು ತೆಳ್ಳಗಾಗಿದ್ದರೆ ಅವರ ಎಂಟು ತಂಬಿಗೆ ಸಪ್ಪೆಯಾಗುತ್ತಿತ್ತು, ಗಟ್ಟಿಯಾಗಿದ್ದರೆ ಬಾಯಿಗಿಡಲು ಆಗುತ್ತಿರಲಿಲ್ಲ. ಅಷ್ಟು ವರ್ಷ ಅವರ ಲೆಕ್ಕ ತಪ್ಪದೆ ನಡೆದದ್ದು ನನ್ನ ಬೆರಳ ಹದ ತಪ್ಪದೆ ಇದ್ದುದರಿಂದ. ಎಣಿಕೆ ಅವರದ್ದು, ಹದ ನನ್ನದು. ಕಾರವಾರದಲ್ಲಿ ನಾನು ಕಳೆದುಕೊಂಡಿದ್ದು ಅವರ ಕೈಯನ್ನಲ್ಲ. ಪುಡಿ ಉಪ್ಪಿಗೆ ನೀರು ಬೇಡ ಎಂದವರ ಮಾತು ಕೇಳಿ, ನನ್ನ ಕೈಯನ್ನೇ ಕೊಡದ ಹೊರಗೆ ಇಟ್ಟಿದ್ದೆ.

ಕೇಟರಿಂಗಿನವರು ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದರು. 'ಎಲ್ಲಿದೆ ಉಪ್ಪು?' ಎಂದರು.

ನಾನು ಎದ್ದು ನಿಂತೆ. 'ತಪ್ಪು ತಿಳ್ಕಬೇಡಿ. ಉಪ್ಪು ನಾನೇ ಹಾಕ್ತೆ.'

ಅವರು ಮೊಕ್ತೇಸರರ ಮುಖ ನೋಡಿದರು. ಮೊಕ್ತೇಸರರು ನನ್ನ ಮುಖ ನೋಡಿದರು. 'ವೈನಿ, ಐನೂರು ಜನ' ಎಂದರು ಅಷ್ಟೇ.

'ಹೌದು' ಎಂದೆ.

'ಅವರದ್ದೇ ಅಡಿಗೆ, ಅವರೇ ಹಾಕ್ಲಿ' ಎಂದರು ಕೇಟರಿಂಗಿನವರು. 'ತಂಪು ನೀರಿನ ಸ್ನಾನ ಎಂತ ದಂಡ ಆಗೂದಿಲ್ಲ.' ಹೇಳಿ, ಬಾಳೆಲೆ ಒರೆಸುವವರ ಜೊತೆ ಹೋಗಿ ಕುಳಿತರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ತಂಬಿಗೆ ತೆಗೆದುಕೊಂಡೆ. ಸಾರಿಗೆ ಐದು. ತೊವ್ವೆಗೆ ಮೂರು. ಪಲ್ಯಕ್ಕೆ, ಮಾವಿನ ಹಣ್ಣಿನ ಸಾಸಿವೆಗೆ ನಮ್ಮವರ ಲೆಕ್ಕದಂತೆಯೇ. ಹುಳಿಯ ಕೊಪ್ಪರಿಗೆಗೆ ಎಂಟನೆಯದನ್ನು ಹೊಯ್ದು ತಂಬಿಗೆ ಕೆಳಗಿಡುವಾಗ ಮಾಮಾ ಕೆಮ್ಮಿದರು.

'ವೈನಿ, ಒಂದು ಮಾತು. ಆಗ ಬಸ್ಸಿಂದ ಇನ್ನೊಂದು ಗುಂಪು ಇಳೀತು ಅಲ್ರಾ, ಹೋಳು ಹೆಚ್ಚು ಮಾಡ್ಸಿ ನಾ ಎರಡು ಕೊಡ ನೀರು ಹೊಡ್ದೆ.'

'ಈಗ ಹೇಳ್ತ್ರಾ?'

'ನೀವು ಉಪ್ಪಿನ ಚಿಂತೆಯಲ್ಲಿ ಇದ್ರಿ. ಇದ್ದ ಚಿಂತೆ ಮುಗೀಲಿ ಅಂತ ಸುಮ್ಮನಿದ್ದೆ.'

ಎಂಟು ತಂಬಿಗೆ ಎಂಬುದು ಈಗ ಯಾರ ಲೆಕ್ಕವೂ ಅಲ್ಲ. ನಮ್ಮವರು ಯಾವಾಗಲೂ ನಿಲ್ಲುತ್ತಿದ್ದ ಕಂಬದ ಕಡೆ ನನಗೆ ಗೊತ್ತಿಲ್ಲದೆಯೇ ಮುಖ ತಿರುಗಿತು. 'ಸಾಕಾ?' ಬಾಯಿಗೆ ಬಂದೇ ಬಿಟ್ಟಿತು. ಕಂಬಕ್ಕೆ ಯಾರೋ ಒದ್ದೆ ಟವೆಲ್ಲು ನೇತು ಹಾಕಿದ್ದರು.

ಕೊಪ್ಪರಿಗೆಯ ಒಳಗೆ ನೋಡಿದೆ. ಹಳೆಯ ಮಟ್ಟ ಎಲ್ಲಿರುತ್ತಿತ್ತು ಎಂದು ನನ್ನ ಕಣ್ಣಿಗೆ ಗೊತ್ತಿತ್ತು, ಹಿಡಿಕೆಯ ಕೆಳಗೆ ಒಂದು ಗೇಣು. ಈಗ ಅಲ್ಲಿಂದ ನಾಲ್ಕು ಬೆರಳು ಮೇಲೆ ಬಂದಿತ್ತು. ಇನ್ನೊಂದು ತಂಬಿಗೆ ಹೊಯ್ದೆ. ಮರದ ಸಟ್ಟುಗದಿಂದ ತಳದವರೆಗೆ ತಿರುವಿದೆ. ನಿಂತೆ. ಮತ್ತೆ ಅರ್ಧ ತಂಬಿಗೆ ಹೊಯ್ದೆ. ಉಳಿದರ್ಧವನ್ನು ಕೊಡಕ್ಕೆ ತಿರುಗಿ ಸುರಿದು, ತಂಬಿಗೆಯನ್ನು ಬೋರಲು ಹಾಕಿದೆ. ಹೆದರಿಕೆ ಹೋಗಿರಲಿಲ್ಲ. ಅದು ಪಕ್ಕದಲ್ಲೇ ನಿಂತಿತ್ತು, ಆದರೆ ತಂಬಿಗೆ ಹಿಡಿದದ್ದು ಅದಲ್ಲ.

ನೈವೇದ್ಯ ಆಯಿತು. ಮಂಗಳಾರತಿಯ ಗಂಟೆ ನಿಂತಿತು. ಎಲೆ ಹಾಸಿ, ನೀರು ಚಿಮುಕಿಸಿ, ತುದಿಗೆ ಉಪ್ಪು ಬಡಿಸುತ್ತ ಹೋದರು. ಮೊದಲೆಲ್ಲ ಪಂಕ್ತಿ ಕುಳಿತಾಗ ನಾನು ಅಡುಗೆ ಶಾಲೆಯ ಬಾಗಿಲ ಹಿಂದೆ ಇರುತ್ತಿದ್ದೆ. ಅಂದೂ ಅಲ್ಲೇ ನಿಂತೆ. ಒಳಗೆ ಕೇಳುತ್ತಿದ್ದುದು ಬಡಿಸುವವರ ಕೂಗು ಮಾತ್ರ: ಅನ್ನ, ತೊವ್ವೆ, ಹುಳಿ. ನಾನು ಒಂದೇ ಶಬ್ದಕ್ಕೆ ಕಿವಿಗೊಟ್ಟಿದ್ದೆ. ಉಪ್ಪು ಎಂದು ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಬಡಿಸುವವನೊಬ್ಬ ಖಾಲಿ ಬಕೆಟ್ಟು ಹಿಡಿದು ಓಡಿ ಬಂದ. 'ಹುಳಿ ಹಾಕಿ, ಬೇಗ. ಎರಡನೇ ಸಲ ಕೇಳ್ತಿದ್ರು.'

ಮಾಮಾ ಹುಳಿ ತೋಡಿ ಕೊಡುತ್ತ ನನ್ನ ಕಡೆ ನೋಡದೆ ಹೇಳಿದರು: 'ನೀರು ಹೊಡದದ್ದು ಒಳ್ಳೇದಾಯ್ತು ಅಲ್ರಾ.'

ಮೊದಲ ಪಂಕ್ತಿ ಏಳುವಾಗ, ಎಲೆ ಎತ್ತುವವರು ಬುಟ್ಟಿ ತರಲು ಹೋದರು. ನಾನು ಸೆರಗು ಸರಿ ಮಾಡಿಕೊಂಡು ಬಾಗಿಲು ದಾಟಿದೆ. ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಎರಡು ಸಾಲು ಎಲೆ. ನಮ್ಮವರು ನಡೆಯುತ್ತಿದ್ದ ದಾರಿಯಲ್ಲೇ ನಡೆದೆ, ಅವರಷ್ಟೇ ನಿಧಾನ. ಎಲೆಗಳ ನಡುಭಾಗ ಬಳಿದಂತೆ ಖಾಲಿ. ಎಡತುದಿಯಲ್ಲಿ ಮಾತ್ರ, ಒಂದಾದ ಮೇಲೆ ಒಂದರಲ್ಲಿ, ಬಡಿಸಿದ ಹಾಗೇ ಬಿಳಿ ಉಪ್ಪು. ನನ್ನ ಕಣ್ಣು ಮಂಜಾಗಿ ಸಾಲು ಒಂದೇ ಗೆರೆಯಂತೆ ಕಂಡಿತು. ಒರೆಸಿಕೊಂಡು ಮತ್ತೆ ನೋಡಿದೆ. ಒಂದನ್ನೂ ಬಿಡದೆ ನೋಡಬೇಕಿತ್ತು.

ಸಾಲಿನ ಕೊನೆಯಲ್ಲಿ ಒಂದು ಎಲೆಯ ಉಪ್ಪು ಪೂರ್ತಿ ಖಾಲಿಯಾಗಿತ್ತು. ಬಗ್ಗಿ ನೋಡಿದೆ. ಆ ಎಲೆಯ ಮುಂದೆ ಕೈ ತೊಳೆದು ಬಂದು ನಿಂತಿದ್ದವನು ಅಣ್ಣ.

'ಸಪ್ಪೆ ಆಯ್ತಾ?' ಎಂದೆ.

'ಹುಳಿ ಮೂರು ಸಲ ಹಾಕಿಸ್ಕಂಡೆ. ಇದು ಮಜ್ಜಿಗೆ ಅನ್ನಕ್ಕೆ ತಕಂಡದ್ದು ಮಾರಾಯ್ತಿ, ನನ್ನದು ಗೊತ್ತಿಲ್ವಾ' ಎಂದ. ಗೊತ್ತಿತ್ತು. ಚಿಕ್ಕಂದಿನಿಂದ ಅವನು ಮಜ್ಜಿಗೆ ಅನ್ನಕ್ಕೆ ನನ್ನ ಎಲೆಯ ಉಪ್ಪನ್ನೂ ಎಳೆದುಕೊಳ್ಳುತ್ತಿದ್ದ. ಅವನು ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದ: 'ಸಂಜೆ ಬರ್ತೆ ಅಲ್ದಾ?'

'ಇವತ್ತು ಪಾತ್ರೆ ತೊಳೆದು ಮುಗಿಯೂದಿಲ್ಲ' ಎಂದೆ. 'ನಾಳೆ ಬೋರಲು ಹಾಕಿ ಒಣಗಿಸ್ಬೇಕು. ನಾಡಿದ್ದಿಗೆ ಮಾಮಾ ಯಾವುದೋ ಮುಂಜಿಯ ಮಾತು ತಂದಿದ್ರು.'

ಅವನು ತಲೆಯಾಡಿಸಿದ. ಎಲೆ ಎತ್ತುವವರು ಬಂದರು. ಎರಡನೇ ಪಂಕ್ತಿಯವರು ಆಗಲೇ ಬಂದು ನಿಂತಿದ್ದರು. ನಾನು ತಿರುಗಿ ಅಡುಗೆ ಶಾಲೆಗೆ ಹೋದೆ. ಒಲೆಯ ಮುಂದೆ ಕುಳಿತಿದ್ದ ಮಾಮಾ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ನಾನು ನಡೆದು ಬಂದದ್ದನ್ನು ಅವರು ನೋಡಿದ್ದರು.